ಸೇರಿನಲ್ಲಿ ಅಳೆದ ಇಟ್ಟಂಗಿ

ಮಾರ್ಚ್ ೪, ಮಂಗಳವಾರ

ಬೆಳಗಿನ ಜಾವ ಮತ್ತೆ ಅದೇ ಕನಸು. ಮಗಳು ಐಶ್ವರ್ಯಾಳ ಮದುವೆಯ ಹಂದರ. ಹಂದರದ ನಟ್ಟನಡುವೆ ಒಂದು ಗೋಡೆ. ಈ ಕಡೆ ನಾವು, ಬೀಗರು, ಅಡುಗೆಯವರು ಎಲ್ಲ. ಸ್ವಾಮಿಗಳು "ಸೋದರಮಾವ ಎಲ್ಲ್ಯದಾನ? ಹುಡಿಗಿನ್ನ ಕರಕೊಂಡು ಬರ್ರಿ" ಎಂದು ಕೂಗುತ್ತಿದ್ದಾರೆ. ನಾನು ಗೋಡೆ ತಡವುತ್ತ ತಡವುತ್ತ ಹೋಗುತ್ತೇನೆ, ಬಾಗಿಲೇ ಸಿಗುವುದಿಲ್ಲ. ಆ ಕಡೆಯಿಂದ ಯಾರೋ ಕೆಮ್ಮಿದ್ದು ಕೇಳಿಸುತ್ತದೆ. ಎಚ್ಚರವಾದಾಗ ಅಂಗೈ ಉರಿಯುತ್ತಿತ್ತು. ಅದು ನಿನ್ನೆ ಮೆಣಸಿನಕಾಯಿ ತೊಟ್ಟು ಬಿಡಿಸಿದ ಉರಿ, ಕನಸಿನದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಎದ್ದು ಗ್ಯಾಸ್ ನೋಡಿದೆ. ಬಂದ್ ಇತ್ತು. ಮಲಗಿ, ಮತ್ತೆ ಎದ್ದು ನೋಡಿದೆ. ಇವರು ಮಗ್ಗುಲಾಗಿ, "ಸಿಲಿಂಡರಿಗೆ ಕಾಲು ಬಂದಾವೇನು, ಎದ್ದು ಹೋಗಾಕ?" ಅಂದರು.

ನನಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ತಮ್ಮ ಅಂತ ಇರುವವನು ಒಬ್ಬನೇ, ನಮ್ಮ ಕಾಕಾ ಶಂಭುಲಿಂಗನ ಮಗ ಶಶಿಕಾಂತ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ನಮ್ಮಪ್ಪ ಮತ್ತು ಕಾಕಾ ಪಾಲಾದ ಮೇಲೆ ಎರಡು ಮನೆಗಳ ನಡುವೆ ಮಾತಿಲ್ಲ. ಅಪ್ಪ ತೀರಿಕೊಂಡಾಗ ಅವರು ಬಂದು, ಒಂದು ಹಿಡಿ ಮಣ್ಣು ಹಾಕಿ, ನೀರು ಸಹ ಕುಡಿಯದೆ ಹೋದರು. ಕಾಕಾ ತೀರಿಕೊಂಡಾಗ ನಾವೂ ಹಾಗೇ ಮಾಡಿ ಬಂದೆವು.

ಮದುವೆ ಏಪ್ರಿಲ್ ಕೊನೆಗೆ. ಹುಡುಗಿಯ ಕೈಹಿಡಿದು ಹಂದರಕ್ಕೆ ಕರೆತರಲು ಸೋದರಮಾವ ಬೇಕು. ಬೀಗರು ಆಗಲೇ ಕೇಳಿದ್ದಾರೆ. ನಾನು "ಅದಾನ್ರಿ" ಅಂದುಬಿಟ್ಟಿದ್ದೇನೆ. ಇದ್ದಾನೆ ಅನ್ನುವುದೇನೂ ಸುಳ್ಳಲ್ಲವಲ್ಲ. ಬರುತ್ತಾನೆ ಅಂತ ನಾನು ಹೇಳಿಲ್ಲ.

ಮಾರ್ಚ್ ೭, ಶುಕ್ರವಾರ

ಮದುವೆಗೆ ದೊಡ್ಡ ಪಾತ್ರೆ ಬೇಕೆಂದು ಇವರನ್ನು ಅಟ್ಟ ಹತ್ತಿಸಿದೆ. ಕೆಳಗೆ ಏಣಿ ಹಿಡಿದು ನಿಂತು, ಜಾರಿ ಬಿದ್ದು ಸೊಂಟ ಮುರಿದರೆ ಮದುವೆ ಮುಂದೆ ಹಾಕಬೇಕಾಗುತ್ತದೆ, ಮುಂದೆ ಹಾಕಿದರೆ ಬೀಗರು ಬೇರೆ ಹುಡುಗಿಯನ್ನು ನೋಡಿದರೆ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮೇಲಿಂದ ಒಂದು ಗಂಟು ದೊಪ್ಪೆಂದು ಬಿತ್ತು. ಅಜ್ಜಿಯ ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಅವ್ವ ತೀರಿಕೊಂಡ ಮೇಲೆ ಮೋಟೆಬೆನ್ನೂರಿನ ತವರಿನಿಂದ ತಂದ ಪಾತ್ರೆಗಳ ಜೊತೆ ಬಂದಿರಬೇಕು. ಬಿಚ್ಚಿದರೆ ನಮ್ಮ ಪ್ಲಾಸ್ಟಿಕ್ ಇಟ್ಟಂಗಿಗಳು!

ಕೆಂಪು, ಬಿಳಿ, ಕೆಲವು ಹಳದಿ. ಮೇಲೆ ಗುಂಡಗಿನ ಗುಬಟು, ಕೆಳಗೆ ತೂತು. ಒಂದರ ಮೇಲೊಂದು ಒತ್ತಿದರೆ ಟಕ್ ಎಂದು ಕೂರುತ್ತವೆ. ಕಾಕಾ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ದುಡಿಯುವಾಗ, ವರ್ಗವಾಗಿ ಹೊರಟಿದ್ದ ಯಾರೋ ಸಾಹೇಬರ ಮನೆಯವರು ಕೊಟ್ಟಿದ್ದು. ರಟ್ಟಿನ ಪೆಟ್ಟಿಗೆಯ ಮೇಲೆ ನಮ್ಮ ಮಾಸ್ತರರಿಗೂ ಓದಲು ಬಾರದ ಅಕ್ಷರಗಳಿದ್ದವು. ಪೆಟ್ಟಿಗೆ ಇಲಿಯ ಪಾಲಾದ ಮೇಲೆ ಇಟ್ಟಂಗಿಗಳು ಎಣ್ಣೆ ಡಬ್ಬಿ ಸೇರಿದವು. ಶಶಿ ಮತ್ತು ನಾನು ಪಡಸಾಲೆಯಲ್ಲಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ.

ಪಾಲಾದ ದಿನ ಹೊಲ, ಎತ್ತು, ಹಂಡೆ, ಕೊಡ ಎಲ್ಲ ಹಂಚಿದ್ದಾಯಿತು. ಪಂಚರು ಚಹಾ ಕುಡಿದು ಏಳುವ ಹೊತ್ತಿಗೆ ನಾವಿಬ್ಬರೂ ಆ ಡಬ್ಬಿಯನ್ನು ಜಗ್ಗಾಡುತ್ತ ಅಳುತ್ತಿದ್ದೆವು. ಆಗ ಅಜ್ಜಿ ಫಕ್ಕೀರವ್ವ ಒಳಗಿಂದ ಸೇರು ತಂದಳು. ಜೋಳ ಅಳೆದ ಹಾಗೆಯೇ ಇಟ್ಟಂಗಿಗಳನ್ನು ಅಳೆದಳು. ಮೇಲಿನಿಂದ ಮೊಗೆದ ಸೇರುಗಳು ಹಿರಿಯ ಮಗನ ಮನೆಗೆ, ಕೆಳಗೆ ಉಳಿದ ಅಷ್ಟೇ ಸೇರುಗಳು ಕಿರಿಯ ಮಗನ ಮನೆಗೆ. ಪ್ರತಿ ಸೇರಿನ ಮೇಲೂ ಅಂಗೈ ಎಳೆದು ಸಮ ಮಾಡಿದಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಮರುವಾರ ಕಾಕಾನ ಮನೆಯವರು ರಾಣೆಬೆನ್ನೂರಿಗೆ ಹೋದರು. ಆಳು ಕಡಿಮೆಯಾಯಿತೆಂದು ನನ್ನ ಏಳನೇ ಇಯತ್ತೆ ಅರ್ಧಕ್ಕೆ ನಿಂತಿತು.

ಮಾರ್ಚ್ ೮, ಶನಿವಾರ

ತೊಳೆದು ಒರೆಸಿ, ಊಟವಾದ ಮೇಲೆ ಕಟ್ಟಲು ಕೂತೆ. ಗೋಡೆ ಬಂತು. ಇನ್ನೊಂದು ಗೋಡೆ ಬಂತು. ನಾಲ್ಕೂ ಕಡೆ ಗೋಡೆಯೇ ಬಂತು.

ಇದು ಏನು ಕಟ್ಟುವ ಸಾಮಾನು? ಪೆಟ್ಟಿಗೆಯ ಮೇಲೆ ಚಿತ್ರವಿತ್ತು. ಕಣ್ಣು ಮುಚ್ಚಿದರೆ ಕೆಂಪು ಮಾಡು ಕಾಣುತ್ತದೆ, ಅದರ ಕೆಳಗೆ ಏನಿತ್ತೋ ಕಾಣುವುದಿಲ್ಲ. ರೈಲ್ವೆ ಸ್ಟೇಶನ್ ಇರಬೇಕು. ಆಗ ನಾವಿಬ್ಬರೂ ಅದನ್ನು ಪೂರ್ತಿ ಕಟ್ಟಿದ್ದೆವಲ್ಲ, ಹೇಗೆ ಮರೆತೆ?

ಗ್ಯಾಸ್ ಮೂರು ಸಲ.

ಮಾರ್ಚ್ ೧೩, ಗುರುವಾರ

ಪೇಟೆಯ ದಿನ. ದಲಾಲರ ಹುಡುಗರು ಮೆಣಸಿನಕಾಯಿ ಚೀಲ ಇಳಿಸಿ ಹೋದರು. ಪಕ್ಕದ ಮನೆಯ ಮೈಮುನಾಬಿ ಎಂದಿನಂತೆ ನಮ್ಮ ಪಡಸಾಲೆಗೇ ಬಂದು ತೊಟ್ಟು ಬಿಡಿಸಲು ಕೂತಳು. ಮೂಲೆಯಲ್ಲಿ ನಾನು ಕಟ್ಟಿಟ್ಟದ್ದನ್ನು ನೋಡಿ ಮುಖಕ್ಕೆ ಕಟ್ಟಿದ ಬಟ್ಟೆ ಕೆಳಗೆ ಜಗ್ಗಿದಳು.

"ಮಗಳ ಮದಿವಿ ಇಟಗೊಂಡು ಮನಿ ಕಟ್ಟಸಾಕತ್ತೀಯಲ್ಲ ನಿರ್ಮಲಾ!"

"ಇದಕ್ಕ ಬಾಗಿಲ ಇಲ್ಲಕ್ಕಾ. ಕಿಟಕಿನೂ ಇಲ್ಲ."

"ಬಾಗಿಲಿಲ್ಲಂದ್ರ ಅದು ಮನಿ ಅಲ್ಲ ತಂಗಿ, ಕಣಜ. ಜ್ವಾಳ ತುಂಬು."

ನಗು ಬಂತು, ಮೇಲೆ ಖಾರಕ್ಕೆ ಕೆಮ್ಮೂ ಬಂತು. ಬಾಗಿಲುಗಳು ಎಲ್ಲಿ ಹೋದವು ಎಂದು ಕೇಳಿದಳು. ನಾನು ಅಪ್ಪ ಹೇಳುತ್ತಿದ್ದದ್ದನ್ನೇ ಹೇಳಿದೆ. ಕಿಟಕಿ, ಬಾಗಿಲು, ಗಾಲಿ, ಬೆರಳಿನಷ್ಟುದ್ದದ ಬೊಂಬೆಗಳು, ಚಂದ ಚಂದದ್ದೆಲ್ಲ ತಮ್ಮನ ಮನೆಗೆ ಹೋದವು. "ನೋಡ್ರಿ, ನಮ್ಮವ್ವ ಆಟದ ಸಾಮಾನಿನ್ಯಾಗ ಸೈತ ಕಿರಿಯವನ ಕೈ ಹಿಡದ್ಳು, ಹೊಲದಾಗ ಬಿಟ್ಟಾಳೇನು?" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನಾನೂ ನಂಬಿಕೊಂಡೇ ಬೆಳೆದೆ.

"ಹಂಗಾರ ಅವರ ಮನ್ಯಾಗ ಈಗ ಬರೇ ಬಾಗಿಲ ಅದಾವ?" ಎಂದಳು ಮೈಮುನಾಬಿ. "ಗ್ವಾಡಿ ಇಲ್ದ ಬಾಗಿಲಾ ತಗೊಂಡು ಅವರರೆ ಏನ್ ಮಾಡಿದ್ರು?"

ಇದು ನನ್ನ ತಲೆಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಲಗ್ನಪತ್ರಿಕೆ ಅಚ್ಚು ಹಾಕಿಸಲು ಹಾವೇರಿಗೆ ಹೋಗಿದ್ದೆವು. ಒಬ್ಬಳೇ ಬಸ್ಸಿನಲ್ಲಿ ಹೋಗುವುದು ನನ್ನಿಂದಾಗದು. ಇಳಿಯುವ ಊರು ದಾಟಿಬಿಟ್ಟರೆ? ಅದಕ್ಕೇ ಇವರು ಬಾಡಿಗೆಗೆ ಓಡಿಸುವ ಟಂಟಂ ಗಾಡಿಯಲ್ಲೇ ಹೊರಟೆವು. ಊರ ಹೊರಗೆ ಬಂದ ಮೇಲೆ ಬೀಗದ ನೆನಪಾಗಿ ಗಾಡಿ ತಿರುಗಿಸಲು ಹೇಳಿದೆ. ಬೀಗ ಹಾಕಿಯೇ ಇತ್ತು. ಇವರು ಹಾರ್ನ್ ಜೋರಾಗಿ ಬಾರಿಸಿದರು.

ಐಶ್ವರ್ಯಾ ಅಲ್ಲಿಯ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್. ಊಟದ ಬಿಡುವಿನಲ್ಲಿ ಅಚ್ಚಿನ ಅಂಗಡಿಗೆ ಬಂದಳು. ಗಣಪತಿ ಚಿತ್ರ ಅವಳೇ ಆರಿಸಿದಳು. ಅಚ್ಚಿನವನು ಒಂದೊಂದೇ ಹೆಸರು ಕೇಳುತ್ತ ಬಂದ.

"ಸೋದರಮಾವ?"

ನಾನು, "ಆ ಒಂದು ಸಾಲು ಖಾಲಿ ಬಿಡ್ರಿ" ಅಂದೆ.

"ಖಾಲಿ ಬಿಟ್ರ ಅಚ್ಚು ತಪ್ಪೇತಿ ಅಂತ ಮಂದಿ ನನಗ ಬೈತಾರ್ರೀ ಯವ್ವಾ. ಇಲ್ಲ ಹೆಸರು ಹೇಳ್ರಿ, ಇಲ್ಲ ಸಾಲು ತಗೀತೇನಿ."

ಇವರು, ಮೇಡ್ಲೇರಿಯ ತಮ್ಮ ಗೆಳೆಯರೊಬ್ಬರನ್ನು ನಿಲ್ಲಿಸೋಣ, ಯಾರಿಗೆ ಗೊತ್ತಾಗುತ್ತದೆ ಎಂದರು. ಐಶ್ವರ್ಯಾ, "ನನಗ ಗೊತ್ತಾಕ್ಕೇತಲ್ಲಪ್ಪಾ" ಅಂದಳು. ಅಷ್ಟೇ ಅಂದಳು. ಯುಗಾದಿ ಮುಗಿದ ಮರುದಿನ ಅಚ್ಚಿಗೆ ಹಾಕುವುದು, ಅಲ್ಲಿಯ ತನಕ ಹೆಸರು ತಿಳಿಸುವುದು ಎಂದು ಮಾತಾಯಿತು.

ಬರುವಾಗ ದಾರಿಯುದ್ದಕ್ಕೂ ಅದೇ ಲೆಕ್ಕ. ಶಶಿಯ ಬಾಗಿಲಿಗೆ ಹೋಗಿ ಕರೆದರೆ ಬರಬಹುದು. ಬರುವುದಿಲ್ಲ ಎನ್ನಲೂಬಹುದು. ಹೋಗದಿದ್ದರೆ ಇಲ್ಲ ಅನ್ನಿಸಿಕೊಳ್ಳುವುದಾದರೂ ತಪ್ಪುತ್ತದೆ.

ಮಾರ್ಚ್ ೨೦, ಗುರುವಾರ

ಇವತ್ತು ಒಂದು ವಿಚಿತ್ರ.

ಚೀಲದ ಬಾಯಿ ಬಿಚ್ಚಿ ಮೊದಲ ಬುಟ್ಟಿ ತುಂಬಿಕೊಂಡಾಗ ಎಲ್ಲ ಉದ್ದುದ್ದ ಇಡಿಕಾಯಿ, ನೋಡಲು ಸುರುಟಿದ ರೇಷ್ಮೆಯ ಹಾಗೆ. ಸಂಜೆ ಚೀಲ ಬೋರಲು ಹಾಕಿ ಜಾಡಿಸಿದಾಗ ಬಿದ್ದದ್ದು ಬರೀ ಬೀಜ, ತುಣುಕು, ಪುಡಿ. ಪ್ರತಿಸಲ ಹೀಗೇ ಆಗುತ್ತದೆ. ಗಾಡಿಯಲ್ಲಿ ಅಲುಗಾಡಿದಷ್ಟೂ ಸಣ್ಣದು ಕೆಳಗಿಳಿಯುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ದಿನಾ ನೋಡುವುದೇ. ಇವತ್ತು ಮಾತ್ರ ಕೈ ಹಾಗೇ ನಿಂತಿತು.

ಅಜ್ಜಿ ಮೇಲಿನಿಂದ ಮೊಗೆದದ್ದು ನಮಗೆ. ಕೆಳಗಿನದು ಅವರಿಗೆ. ಅದಕ್ಕೇ ನಮಗೆ ಬರೀ ದೊಡ್ಡ ಇಟ್ಟಂಗಿ, ಅವರಿಗೆ ಬರೀ ಸಣ್ಣ ಸಾಮಾನು. ಅವಳು ಯಾರ ಕೈಯನ್ನೂ ಹಿಡಿದಿರಲಿಲ್ಲ. ಸೇರು ಸಮವೇ ಇತ್ತು.

ಮೈಮುನಾಬಿಗೆ ಹೇಳಿದೆ. ಅವಳು ಬೀಜದ ರಾಶಿಯಲ್ಲಿ ಕೈಯಾಡಿಸಿದಳು. "ಹೌದs ಹೌದು," ಎಂದಳು. ಆಮೇಲೆ, "ಆದ್ರ ನಿಮ್ಮಜ್ಜಿ ಕಾಳು ಅಳೆಯೂ ಮುಂದ ಕಲಸ್ತಿದ್ದಿಲ್ಲೇನು? ನಮ್ಮತ್ತಿ ಕಲಸ್ತಿದ್ಳು."

ಕಲಸುತ್ತಿದ್ದಳು. ಯಾವ ರಾಶಿಯೇ ಇರಲಿ, ಮೊಣಕೈ ತನಕ ಕೈ ಹಾಕಿ ಕೆಳಗಿನದನ್ನು ಮೇಲಕ್ಕೆ ತಂದೇ ಅಳೆಯುವವಳು. ಅವತ್ತು ಯಾಕೆ ಕಲಸಲಿಲ್ಲ? ಅಳುತ್ತಿದ್ದಳೇನೋ. ನಾನು ಅವಳ ಮುಖ ನೋಡಿರಲಿಲ್ಲ, ಸೇರನ್ನೇ ನೋಡುತ್ತಿದ್ದೆ.

ಮಾರ್ಚ್ ೨೧, ಶುಕ್ರವಾರ

ಅನಾಹುತವಾಗಿದೆ. ಐಶ್ವರ್ಯಾಗೆ ಫೋನಿನಲ್ಲಿ ಮೆಣಸಿನಕಾಯಿ ಚೀಲದ ಕಥೆ ಹೇಳಿ, ನಾನು ಕಟ್ಟಿದ್ದರ ಫೋಟೋ ಕಳಿಸಿದ್ದೆ. ಅವಳು ಎಲ್ಲಿಂದಲೋ ಶಶಿಯ ಬೀಜದ ಅಂಗಡಿಯ ನಂಬರು ಹುಡುಕಿ ಅದನ್ನು ಅಲ್ಲಿಗೇ ಕಳಿಸಿಬಿಟ್ಟಿದ್ದಾಳೆ.

"ಏನಂತ ಬರದೀದಿ?" ಎಂದು ಚೀರಿದೆ.

"ಏನೂ ಬರದಿಲ್ಲವಾ. ಬರೇ ಗ್ವಾಡಿ ಫೋಟೋ."

ಹೆಸರೂ ಇಲ್ಲದೆ, ನಮಸ್ಕಾರವೂ ಇಲ್ಲದೆ ಬರೀ ಗೋಡೆ! ಅವನು ಏನೆಂದು ತಿಳಿಯಬೇಕು? ನಮ್ಮಿಬ್ಬರ ನಡುವೆ ಗೋಡೆ ಇದೆ ಎಂದು ಹಂಗಿಸಿದ ಹಾಗಾಗಲಿಲ್ಲವೇ? ಅಂಗಡಿಯ ಆಳು ನೋಡಿ ಅಳಿಸಿದರೆ? ಅವನ ಹೆಂಡತಿ ನೋಡಿ ಬೇರೆ ಏನೋ ತಿಳಿದುಕೊಂಡರೆ?

ಮಾರ್ಚ್ ೨೨, ಶನಿವಾರ

ನೋಡಿದ್ದಾನಂತೆ. ಎರಡು ನೀಲಿ ಗೀಟು ಬಂದಿವೆಯಂತೆ. ಉತ್ತರವಿಲ್ಲ.

ಮಾರ್ಚ್ ೨೩, ಭಾನುವಾರ

ಇಲ್ಲ.

ಮಾರ್ಚ್ ೨೪, ಸೋಮವಾರ

ತೊಟ್ಟು ಬಿಡಿಸುತ್ತ ಕೂತಿದ್ದೆ. ಐಶ್ವರ್ಯಾ ಒಂದು ಫೋಟೋ ಕಳಿಸಿದಳು. ಕೈ ಖಾರ, ಮುಟ್ಟುವ ಹಾಗಿಲ್ಲ. ಮೈಮುನಾಬಿ ತನ್ನ ಮೊಣಕೈಯಿಂದ ಫೋನ್ ಒತ್ತಲು ಹೋಗಿ ಯಾರಿಗೋ ಕರೆ ಹಚ್ಚಿದಳು. ಕೊನೆಗೆ ಸಬಕಾರ ಹಾಕಿ ಕೈ ತೊಳೆದು ಬಂದು ನೋಡಿದೆ.

ಒಂದು ಅಂಗೈ. ದೊಡ್ಡದು, ಗೆರೆಗಳಲ್ಲಿ ಬೀಜಕ್ಕೆ ಹಚ್ಚುವ ಗುಲಾಬಿ ಬಣ್ಣದ ಔಷಧಿ ಕೂತಿದೆ. ಅದರ ನಡುವೆ ಹಳದಿ ಬಾಗಿಲು.

ಕೆಳಗೆ ಒಂದು ಅಕ್ಷರವೂ ಇಲ್ಲ.

"ಹೋಗಿ ಬಾ," ಎಂದಳು ಮೈಮುನಾಬಿ.

ಆ ಬಾಗಿಲಿಗೆ ಚಿಲಕವೂ ಇದೆ. ಅದು ನನಗೆ ನೆನಪೇ ಇರಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಇವರಿಗೆ ಟಂಟಂ ಬಾಡಿಗೆ ಇತ್ತು. ನಾಳೆ ಹೋದರಾಯಿತು ಎಂದರು. ನಾಳೆ ಹಬ್ಬದ ಸಂತೆ, ಅವನ ಅಂಗಡಿಯಲ್ಲಿ ಜನ ಇರುತ್ತಾರೆ. ಇಟ್ಟಂಗಿ ಬಿಡಿಸಿ ಅಜ್ಜಿಯ ಸೀರೆತುಂಡಿನಲ್ಲಿ ಕಟ್ಟಿಕೊಂಡು, ಹಚ್ಚಿ ಮದುವೆಗೆ ಕರೆಯಲು ಕುಂಕುಮದ ಭರಣಿ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಸ್ಟೇಶನ್ನಿಗೆ ಎಷ್ಟು ಬಾಗಿಲು ಇರಬೇಕು ಎಂದು ಯೋಚಿಸುತ್ತಿದ್ದಾಗಲೇ ರಾಣೆಬೆನ್ನೂರು ಬಂದುಬಿಟ್ಟಿತು.

ಅಂಗಡಿಯ ಹಿಂದೆಯೇ ಮನೆ. ಶಶಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ತಲೆ ನೆರೆತಿದೆ, ಥೇಟ್ ಕಾಕಾನ ಹಾಗೆ. ನನ್ನನ್ನು ನೋಡಿ ಎದ್ದ, ಮತ್ತೆ ಕೂತ, ಮತ್ತೆ ಎದ್ದ. ನನ್ನ ಮುಖಕ್ಕಿಂತ ಮೊದಲು ಕೈಯಲ್ಲಿನ ಗಂಟು ನೋಡಿದ.

"ಅಜ್ಜಿ ಸೀರಿ ಅಲ್ಲs ಅದು?"

"ಹೂಂ."

"ಒಳಗ ಬಾ."

ಅವನ ಹೆಂಡತಿ ದುರ್ಗಾ ಹೊರಗೆ ಬಂದಳು. ನಾನು ಯಾರೆಂದು ಅವನು ಹೇಳುವ ಮೊದಲೇ, "ನೀವs ಏನ್ರೀ ಗ್ವಾಡಿ ಅಕ್ಕಾರು!" ಎಂದಳು. "ಅಕ್ಕನ ಮನಿಗೆ ದೊಡ್ಡ ದೊಡ್ಡ ಇಟ್ಟಂಗಿ ಹೋದ್ವು, ನಮಗ ಚೂರುಪಾರು ಬಂತು ಅಂತ ಇವರ ಕಥಿ ಕೇಳಿ ಕೇಳಿ ನನಗ ಸಾಕಾಗೇತ್ರಿ. ಮಾವಾರು ಇದ್ದಾಗ ಅವರದೂ ಅದs ಹಾಡು. ನಮ್ಮವ್ವ ಹಿರೇ ಮಗಂದs ಮನಿ ಕಟ್ಟಿದ್ಳು ಅಂತ."

ಅಲ್ಲಿಯೂ ಅದೇ ಮಾತು, ಮುಖ ಮಾತ್ರ ಆ ಕಡೆಗೆ.

ಅವನ ಪಾಲು ಅಂಗಡಿಯಲ್ಲೇ ಒಂದು ಭರಣಿಯಲ್ಲಿತ್ತು. ರೈತರು ಬೀಜ ಕೊಳ್ಳುವಾಗ ಅವರ ಮಕ್ಕಳ ಕೈಗೆ ಕೊಡುತ್ತಾನಂತೆ. ಕೆಲವು ಕಿಟಕಿಗಳು ಹಾಗೇ ಊರೂರಿಗೆ ಹೋಗಿವೆ. ನೆಲದ ಮೇಲೆ ಎರಡೂ ಪಾಲು ಸುರುವಿಕೊಂಡೆವು. ಮೆಣಸಿನಕಾಯಿ ಚೀಲದ ಸಂಗತಿ ಹೇಳಿದೆ. ಅವನು ಕಿವಿಗೊಟ್ಟು ಕೇಳಿದ. ಎದ್ದುಹೋಗಿ ಅಂಗಡಿಯಿಂದ ಗೋವಿನಜೋಳ ಮತ್ತು ರಾಜಗಿರಿ ಬೀಜ ತಂದು, ಒಂದೇ ಬಾಟಲಿಗೆ ಹಾಕಿ ಅಲುಗಾಡಿಸಿ ನೋಡಿದ. ರಾಜಗಿರಿ ಕೆಳಗೆ ಇಳಿಯಿತು. ಬಾಟಲಿ ಬೋರಲು ಮಾಡಿ ಮತ್ತೊಮ್ಮೆ ಅಲುಗಾಡಿಸಿದ.

"ಅಜ್ಜಿ ಡಬ್ಬಿ ನೆಲಕ್ಕ ಕುಟ್ಟಿದ್ಳು ಅಕ್ಕಾ," ಎಂದ. "ಠಪ್ ಠಪ್ ಅಂತ. ಆ ಸಪ್ಪಳ ನನಗಿನ್ನೂ ನೆನಪೈತಿ."

ಕಟ್ಟಲು ಶುರು ಮಾಡಿದೆವು. ನಾನು ಸ್ಟೇಶನ್ ಅಂದೆ. ಅವನು ಬಸ್‌ಸ್ಟ್ಯಾಂಡ್ ಅಂದ. ಅವನ ಸಾಮಾನಿನಲ್ಲಿ ಗಡಿಯಾರದ ಮುಖವಿದ್ದ ಬಿಳಿ ತುಂಡೊಂದು ಸಿಕ್ಕಿತು.

"ನೋಡು, ಗಡಿಯಾರ! ಸ್ಟೇಶನ್ನ ಇದು."

"ಗಡಿಯಾರ ಬಸ್‌ಸ್ಟ್ಯಾಂಡಿನ್ಯಾಗೂ ಇರ್ತೈತಿ."

"ಇರ್ತೈತಿ, ನಡಿಯೂದಿಲ್ಲ."

"ಇದರೆ ಎಲ್ಲಿ ನಡದೈತಿ?" ಎಂದ. ದುರ್ಗಾ ಅಡುಗೆಮನೆಯಿಂದಲೇ ನಕ್ಕಳು.

ಗೋಡೆಯಲ್ಲಿ ಜಾಗ ಬಿಟ್ಟು ಕಿಟಕಿ ಕೂರಿಸಿದೆವು. ಕೈಗೇ ನೆನಪಿತ್ತು, ತಲೆಗಲ್ಲ. ನಾನು ಕೇಳುವ ಮೊದಲೇ ಅವನು ಬೇಕಾದ ತುಂಡು ಕೊಡುತ್ತಿದ್ದ. ಗಾಲಿಗಳು ಎಲ್ಲಿಗೆ ಎಂದು ಮಾತ್ರ ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲನ್ನು ಅವನೇ ಒತ್ತಿದ. ಒತ್ತುತ್ತ, ತಲೆ ಎತ್ತದೆ ಕೇಳಿದ.

"ಹುಡಿಗಿಗೆ ಸೋದರಮಾವ ಯಾರು ನಿಂದರ್ತಾರ?"

ಚೀಲದಿಂದ ಕುಂಕುಮದ ಭರಣಿ ತೆಗೆದು ಅವನ ಮುಂದೆ ಇಟ್ಟೆ.

ಅವನು ಅದನ್ನು ನೋಡಿದ. "ನಮ್ಮಪ್ಪ ಹೋದಾಗ ನೀವು ನೀರು ಕುಡೀದ ಹೋದ್ರಿ."

"ನಮ್ಮಪ್ಪ ಹೋದಾಗ ನೀವೂ ಕುಡೀಲಿಲ್ಲ."

ದುರ್ಗಾ ಒಳಗಿಂದ ಎರಡು ತಂಬಿಗೆ ತಂದು, ಇಬ್ಬರ ನಡುವೆ ಸಪ್ಪಳವಾಗುವ ಹಾಗೆ ಇಟ್ಟಳು. "ಈಗ ಇಬ್ರೂ ಕುಡೀರಿ. ಬಿಸಲ ರಗಡ ಐತಿ."

ಕುಡಿದೆವು. ಅವನು ಕುಂಕುಮ ಹಚ್ಚಿಕೊಳ್ಳಲಿಲ್ಲ. "ವಿಚಾರ ಮಾಡಿ ಹೇಳ್ತೇನಿ ಅಕ್ಕಾ," ಎಂದ. ಒತ್ತಾಯ ಮಾಡಲು ನನಗೂ ಮನಸ್ಸಾಗಲಿಲ್ಲ. ಹೊರಡುವಾಗ ಇಟ್ಟಂಗಿ ಬಿಡಿಸಲು ಕೈ ಹಾಕಿದರೆ, "ಇರಲಿ ಬಿಡು" ಎಂದು ತಡೆದ. ನನ್ನ ಗೋಡೆ ಅಲ್ಲೇ ಬಿಟ್ಟು, ಖಾಲಿ ಸೀರೆತುಂಡು ಮಡಚಿಕೊಂಡು ಬಂದೆ.

ಮನೆ ಮುಟ್ಟಿದಾಗ ಮೈಮುನಾಬಿ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. "ಬೀಗ ಹಾಕದ ಹೋಗೀದಿ ಮಾರಾಯ್ತಿ! ಹೊತ್ತು ಏರಿದಾಗಿಂದ ನಿನ್ನ ಮನಿ ಕಾಯಾಕತ್ತೇನಿ. ಚಾ ಮಾಡು ಮದಲ."

ಚಹಾ ಮಾಡಿದೆ. ಆ ಗಾಲಿಗಳು ಒಂದು ಸಣ್ಣ ಬಂಡಿಯವು ಇರಬಹುದೇ? ಸ್ಟೇಶನ್ನಿನಲ್ಲಿ ಸಾಮಾನು ಎಳೆಯುವ ಬಂಡಿ?

ಮಾರ್ಚ್ ೩೦, ಭಾನುವಾರ, ಯುಗಾದಿ

ಬೇವು ಬೆಲ್ಲ ಹಂಚುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಕಾರ್ಡಿನ್ಯಾಗ ನನ್ನ ಹೆಸರಿನ ಮುಂದ ಬೀಜದ ಅಂಗಡಿ ಅಂತ ಹಾಕಸಬ್ಯಾಡ. ಜಾಹೀರಾತು ಅಂತಾರ ಮಂದಿ."

ನಾನು, "ಹೂಂ" ಅಂದೆ. ಇನ್ನೇನಾದರೂ ಅನ್ನಬೇಕಿತ್ತು.

"ರುಮಾಲು ನಾನs ತರತೇನಿ. ದುರ್ಗಾ ಹುಡಿಗಿಗೆ ಸೀರಿ ನೋಡ್ಯಾಳ. ಮತ್ತ ಅದು ಬಸ್‌ಸ್ಟ್ಯಾಂಡ," ಎಂದು ಇಟ್ಟುಬಿಟ್ಟ.

ಇವರು ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು. ಹಬ್ಬಕ್ಕೆ ಬಂದಿದ್ದ ಐಶ್ವರ್ಯಾ ಅಲ್ಲೇ ನಿಂತು ಅಚ್ಚಿನವನಿಗೆ ಫೋನ್ ಹಚ್ಚಿ ಹೆಸರು ಹೇಳಿದಳು. ಹಬ್ಬದ ದಿನ ಆ ಬಡಪಾಯಿಯನ್ನು ಹೋಳಿಗೆ ಮುಂದಿನಿಂದ ಎಬ್ಬಿಸಿರಬೇಕು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಜ್ಜಿಯ ಸೀರೆತುಂಡು ಒಗೆದು ಹಾಕಿದೆ. ಒಣಗುತ್ತಿದ್ದದ್ದನ್ನು ನೋಡುತ್ತ ಕೂತಾಗ ಶಶಿ ಹೇಳಿದ ಆ ಠಪ್ ಠಪ್ ನೆನಪಾಯಿತು. ಮೊನ್ನೆ ಅವನು ಹೇಳಿದಾಗ ಅದಕ್ಕೆ ಕಿವಿಗೊಡಲಿಲ್ಲ. ಅಳೆದಾದ ಮೇಲೆ ಡಬ್ಬಿ ಕುಟ್ಟಿದ್ದರೆ ಅದೇನೂ ದೊಡ್ಡದಲ್ಲ, ತಳದ ಧೂಳು ಕೊಡವಿದ್ದಾಳೆ. ಅಳೆಯುವ ಮೊದಲೇ ಕುಟ್ಟಿದ್ದರೆ? ಕುಟ್ಟಿದರೆ ಸಣ್ಣದು ಕೆಳಗೆ ಕೂರುತ್ತದೆ ಎನ್ನುವುದು ಜೀವಮಾನವೆಲ್ಲ ರಾಶಿ ಅಳೆದವಳಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಒಬ್ಬರಿಗೆ ಗೋಡೆ, ಒಬ್ಬರಿಗೆ ಬಾಗಿಲು ಕೊಟ್ಟಳೇ? ಹಾಗಿದ್ದರೆ, ಮಕ್ಕಳು ಕೂಡಿ ಕಟ್ಟಲು ಮರುವಾರವೇ ಓಡಿ ಬಂದಾರು, ಅವರ ಹಿಂದೆ ದೊಡ್ಡವರೂ ಬಂದಾರು ಎಂದು ಕಾದು ಕೂತಿದ್ದಳೇನೋ.

ಶಶಿಗೆ ಬರೆದು ಕಳಿಸಬೇಕು. ಐಶ್ವರ್ಯಾ ಕಳಿಸಿದ ಹಾಗೆ ಮೂಕವಾಗಿ ಅಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ತಪ್ಪಿದ್ದರೆ ತಿದ್ದುತ್ತೇನೆ.

"ತಮ್ಮಾ ಶಶಿ, ಹಬ್ಬದ ಆಶೀರ್ವಾದ. ಗಡಿಯಾರದ ತುಂಡು ಜೋಪಾನ, ಮಕ್ಕಳ ಕೈಗೆ ಕೊಡಬೇಡ. ಇನ್ನೊಂದು ಮಾತು. ಅಜ್ಜಿ ಡಬ್ಬಿ ಕುಟ್ಟಿದ್ದನ್ನು ಮತ್ತೊಮ್ಮೆ ನೆನಪು ಮಾಡಿಕೊ. ಅವಸರವಿಲ್ಲ, ಮದುವೆಗೆ ಬಂದಾಗ ಹೇಳಿದರೂ ನಡೆಯುತ್ತದೆ, ಆದರೆ ಸರಿಯಾಗಿ ನೆನಪು ಮಾಡಿಕೊಂಡೇ ಹೇಳು. ಅವಳು ಕುಟ್ಟಿದ್ದು ಅಳೆಯುವ ಮೊದಲೋ, ಅಳೆದ ಮೇಲೋ?"